ತಲೆಯ ಬಳಿ ಕೂತಿದ್ದ ಡಾಕ್ಟ್ರು

ತಂಗಿಯ ಹೃದಯದಲ್ಲಿ ತೂತು ಇದೆ ಅಂತ ಗೊತ್ತಾಗಿದ್ದು ಅವಳಿಗೆ ಮೂವತ್ತು ದಾಟಿದ ಮೇಲೆ. ಬದಿಯಡ್ಕದ ಹತ್ತಿರ ನಮ್ಮ ಮನೆ, ಗುಡ್ಡದ ಮೇಲೆ. ತೋಟದಿಂದ ಹತ್ತಿ ಬರುವಾಗ ಅವಳಿಗೆ ಏದುಸಿರು. ರಕ್ತ ಕಮ್ಮಿ ಇರಬೇಕು ಅಂತ ಅಮ್ಮ ಬೀಟ್‌ರೂಟ್ ತಿನ್ನಿಸಿದ್ದೇ ಬಂತು. ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ಎಎಸ್‌ಡಿ: ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದ ಇದ್ದ ತೂತು. ಎಡಗಡೆಯ ರಕ್ತ ಬಲಕ್ಕೆ ನುಗ್ಗಿ ನುಗ್ಗಿ ಬಲಭಾಗ ಹಿಗ್ಗಿತ್ತು.

ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದ್ರೆ ಮಂಗಳೂರೇ. 2020ರಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದ್ದನ್ನು ಅಮ್ಮ ಅಲ್ಲಿ ದಾಟುವಾಗಲೆಲ್ಲ ಎತ್ತುತ್ತಾಳೆ.

ಎದೆ ಸೀಳುವುದು ಬೇಡ, ತೊಡೆಸಂದಿನ ರಕ್ತನಾಳದಿಂದ ಹೋಗಿ ಮುಚ್ಚಬಹುದು ಅಂದ್ರು ಡಾಕ್ಟ್ರು. ಆದರೆ ಗೋಡೆಯ ಎರಡೂ ಕಡೆ ಬಿಲ್ಲೆಯಂತೆ ಅರಳಿ ತೂತು ಮುಚ್ಚುವ ಡಿವೈಸ್ ಕೂರಲು ತೂತಿನ ಸುತ್ತ ಅಂಚು ಬೇಕಲ್ವಾ? ಅದನ್ನು ನೋಡಲು ಹಿಂದಿನ ದಿನ ಟಿಇಇ, ಅಂದ್ರೆ ಅನ್ನನಾಳದ ಒಳಗಿಂದ ಮಾಡುವ ಎಕೋ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಎಡಮಗ್ಗುಲು ಮಲಗಿಸಿ, ಬೆರಳು ದಪ್ಪದ ಕೊಳವೆ ನುಂಗಿಸಿದರು. ಅನ್ನನಾಳ ಹೃದಯದ ಬೆನ್ನಿಗೇ ಇದೆ, ಹಾಗಾಗಿ ಅಲ್ಲಿಂದ ಚಿತ್ರ ಸ್ಪಷ್ಟ. ತಂಗಿ ಈಗಲೂ ಬೈಯುವುದು ಆ ಕೊಳವೆಯನ್ನೇ.

ಅದನ್ನು ಮಾಡಿದ ಡಾಕ್ಟ್ರು, ನಮ್ಮ ಬಾಯಲ್ಲಿ ಎಕೋ ಮೇಡಂ, ನನ್ನನ್ನು ಕರೆದು ತೋರಿಸಿದರು. ಮಾಮೂಲಿ ಎಕೋದಲ್ಲಿ ತೂತು 18 ಮಿ.ಮೀ. ಅಂತಿತ್ತು. "ಅದು ಅಡಿಕೆ ಹೋಳು ಮಾಡಿದ ಹಾಗೆ, ಒಂದು ಮುಖ ಮಾತ್ರ ಕಾಣ್ತದೆ" ಅನ್ನುತ್ತಾ ತ್ರೀಡಿ ಹಾಕಿದರು. ಬೂದು ಗೆರೆಗಳು ಹೋಗಿ ಕಂದು ಬಣ್ಣದ ಗೋಡೆಯೇ ಎದ್ದು ನಿಂತಿತು. ತಿರುಗಿಸಿದರೆ ಗೋಡೆಯ ಆ ಕಡೆಯಿಂದಲೂ ನೋಡಬಹುದು. ತೂತು ದುಂಡಗಿರಲಿಲ್ಲ. ಅಡ್ಡಕ್ಕೆ 18, ಉದ್ದಕ್ಕೆ 24. ಮಿಡಿತಕ್ಕೊಮ್ಮೆ ಹಿಗ್ಗಿ ಕುಗ್ಗುತ್ತಿತ್ತು. ನನಗೆ ಕೈಕಾಲು ತಣ್ಣಗಾಯಿತು.

ಮರುದಿನ ಅರಿವಳಿಕೆ ಕೊಟ್ಟು ಕೆಲಸ. ಕೊಳವೆ ಮತ್ತೆ ಗಂಟಲಲ್ಲಿ. ನಾವು ಹೊರಗೆ. ಆಮೇಲೆ ಮೇಡಂ ರೆಕಾರ್ಡಿಂಗ್ ಹಾಕಿ ವಿವರಿಸಿದರು. ಎಕ್ಸ್‌ರೇಯಲ್ಲಿ ಲೋಹ ಕಾಣುತ್ತದೆ, ಹೃದಯದ ಗೋಡೆ ಕಾಣುವುದಿಲ್ಲ. ಕಾಲಿನ ಬಳಿ ನಿಂತು ತಂತಿ ಆಡಿಸುವವರು ತಲೆಯ ಬಳಿ ಕೂತು ಎಕೋ ನೋಡುವವರನ್ನು ಕೇಳಿಯೇ ಮುಂದೆ ಹೋಗಬೇಕು. ಎಡಗಡೆಯ ಬಿಲ್ಲೆ ಅರಳಿತು. ಹಿಂದಕ್ಕೆ ಎಳೆದಾಗ ಮೇಲಿನ ಅಂಚು ಸಿಗದೆ ಜಾರಿತು. ಎಕ್ಸ್‌ರೇಯಲ್ಲಿ ಎಲ್ಲ ಸರಿ ಇದ್ದ ಹಾಗೇ ಇತ್ತು! "ಬಿಡಬೇಡಿ" ಅಂದರಂತೆ ಮೇಡಂ. ಅದನ್ನು ಒಳಗೆಳೆದು, ಓರೆ ಬದಲಿಸಿ ಮತ್ತೆ ಅರಳಿಸಿದರು. ನಂತರ ಬಲಗಡೆಯ ಬಿಲ್ಲೆ. ಸುತ್ತಲೂ ಅಂಚು ಸಿಕ್ಕಿದೆಯಾ ಅಂತ ನೋಡಿ, ಎಳೆದು ತಳ್ಳಿ ಪರೀಕ್ಷಿಸಿ, ಕೊನೆಗೆ ತಿರುಪು ಬಿಚ್ಚಿ ತಂತಿ ಬಿಡಿಸಿದರು.

ಚೆಕಪ್ಪಿಗೆ ಹೋಗುವಾಗ ಅಮ್ಮ ತೋಟದ ಕದಳಿ ಗೊನೆ ಕಟ್ಟಿಟ್ಟಳು, ಆಪರೇಷನ್ ಮಾಡಿದ ಡಾಕ್ಟ್ರಿಗೆ. ಎಕೋ ಮೇಡಂಗೂ ಒಂದು ಕೊಡು ಅಂದೆ.

"ಅವರು ಬರೇ ಟಿವಿ ನೋಡಿದ್ದಲ್ವಾ?" ಅಂದಳು ಅಮ್ಮ.

"ನನ್ನ ಗಂಟಲಿಗೆ ಅದನ್ನು ತುರುಕಿದವರಿಗಾ?" ಅಂದಳು ತಂಗಿ.

ಎರಡನೇ ಗೊನೆ ನಾನೇ ಕಡಿದು ತಂದೆ.