ವೆನ್ ದ್ವೀಪದಿಂದ ದುಂಡು ಗೋಪುರದವರೆಗೆ

ಹದಿನಾರನೇ ಶತಮಾನದ ಡೆನ್ಮಾರ್ಕಿನ ಖಗೋಳವಿಜ್ಞಾನಿ ಟೈಕೋ ಬ್ರಾಹೆ ಇಪ್ಪತ್ತು ವರ್ಷ ಆಕಾಶ ಅಳೆದ ನೆಲ ಡೆನ್ಮಾರ್ಕಿನ ನಕ್ಷೆಯಲ್ಲಿ ಈಗ ಸಿಗುವುದಿಲ್ಲ. ಎರಸುಂಡ್ ಜಲಸಂಧಿಯ ನಡುವೆ ಇರುವ ವೆನ್ ದ್ವೀಪ 1660ರಲ್ಲಿ ಸ್ವೀಡನ್ನಿನ ಪಾಲಾಯಿತು. ಕೋಪನ್‌ಹೇಗನ್‌ನಿಂದ ಹೊರಟವರು ರೈಲಿನಲ್ಲಿ ಸಮುದ್ರದ ಸೇತುವೆ ದಾಟಿ, ಮಾಲ್ಮೋ ಮತ್ತು ಲುಂಡ್ ಮೂಲಕ ಲ್ಯಾಂಡ್ಸ್‌ಕ್ರೂನಾಕ್ಕೆ ಹೋಗಿ, ಅಲ್ಲಿಂದ ಫೆರ್ರಿ ಹಿಡಿಯಬೇಕು. ಫೆರ್ರಿ ಅರ್ಧ ಗಂಟೆಯಲ್ಲಿ ಬೆಕ್‌ವಿಕೆನ್ ಬಂದರು ಮುಟ್ಟಿಸುತ್ತದೆ. ಎರಡು ದೇಶಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಆದರೆ ಪಾಸ್‌ಪೋರ್ಟ್ ಜೊತೆಗಿರಲಿ, ಗಡಿಯಲ್ಲಿ ತಪಾಸಣೆ ಆಗುವುದುಂಟು. ದುಡ್ಡು ಮಾತ್ರ ಬೇರೆ: ಡೆನ್ಮಾರ್ಕಿನ ಕ್ರೋನ್ ಇಲ್ಲಿ ನಡೆಯುವುದಿಲ್ಲ, ಸ್ವೀಡನ್ನಿನ ಕ್ರೋನಾ ಬೇಕು. ಹೋಗುವುದಾದರೆ ಬೇಸಿಗೆಯಲ್ಲೇ ಹೋಗಬೇಕು. ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುತ್ತದೆ, ಬಯಲಿನ ಗಾಳಿಗೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ.

ಬಂದರಿನಿಂದ ದಾರಿ ಮೊದಲು ಏರು, ಆಮೇಲೆ ಚಪ್ಪಟೆ. ದ್ವೀಪ ಇರುವುದೇ ಏಳೂವರೆ ಚದರ ಕಿಲೋಮೀಟರ್. ಬಾಡಿಗೆಗೆ ಸಿಗುವ ಹಳದಿ ಸೈಕಲ್ ಹತ್ತಿದರೆ ಗೋಧಿ ಹೊಲಗಳ ನಡುವೆ ಸ್ವಲ್ಪ ಹೊತ್ತಿನಲ್ಲೇ ನಡುದ್ವೀಪ ಸೇರಬಹುದು. ಹಳೆಯ ಆಲ್ ಸೇಂಟ್ಸ್ ಚರ್ಚಿನೊಳಗೆ ಮ್ಯೂಸಿಯಂ ಇದೆ. ಅದರ ಹತ್ತಿರವೇ ಟೈಕೋನ ಮನೆಯೂ ವೀಕ್ಷಣಾಲಯವೂ ಆಗಿದ್ದ ಯುರಾನಿಬೋರ್ಗ್ ಅರಮನೆಯ ಜಾಗ.

ಅರಮನೆ ಎಂದು ಗೋಪುರ, ಗೋಡೆ ಹುಡುಕಿದರೆ ನಿರಾಶೆಯೇ. ಟೈಕೋ 1597ರಲ್ಲಿ ದ್ವೀಪ ಬಿಟ್ಟ, 1601ರಲ್ಲಿ ಪ್ರಾಗ್‌ನಲ್ಲಿ ತೀರಿಕೊಂಡ. ಅದಾದ ಬೆನ್ನಿಗೇ ಕಟ್ಟಡವನ್ನು ಕೆಡವತೊಡಗಿದರು, ಇಟ್ಟಿಗೆ ಕಲ್ಲುಗಳು ಬೇರೆ ಕಟ್ಟಡಗಳಿಗೆ ಹೋದವು. ಈಗ ಉಳಿದಿರುವುದು ಮಣ್ಣಿನ ದಿಬ್ಬಗಳ ಚೌಕ, ಮನೆ ನಿಂತಿದ್ದ ಕಡೆಯ ಗುರುತು, ಮತ್ತೆ ನೆಟ್ಟು ಬೆಳೆಸಿದ ತೋಟದ ಒಂದು ಕಾಲುಭಾಗ. ಒಂದು ಬದಿಗೆ ಸುಮಾರು 78 ಮೀಟರ್ ಇದ್ದ ಆ ಚೌಕದ ಮೂಲೆಗಳು ಸರಿಯಾಗಿ ನಾಲ್ಕು ದಿಕ್ಕಿಗೆ ಇವೆ, ಬದಿಗಳಲ್ಲ. ಇದನ್ನು ಗಮನಿಸದೆ ನಿಂತರೆ ಮ್ಯೂಸಿಯಂನಲ್ಲಿ ಸಿಗುವ ನಕ್ಷೆ ತಿರುವುಮುರುವಾಗಿ ಕಾಣುತ್ತದೆ. ಒಂದು ಮೂಲೆಯನ್ನು ಉತ್ತರಕ್ಕೆ ಹಿಡಿದು ಓದಿದರೆ ಎಲ್ಲವೂ ಜಾಗಕ್ಕೆ ಬರುತ್ತದೆ.

ಬುನಾದಿ ಕಲ್ಲು ಇಟ್ಟದ್ದು 1576ರ ಆಗಸ್ಟ್ 8ರಂದು. ನಾಲ್ಕು ವರ್ಷ ಮೊದಲು, 1572ರ ನವೆಂಬರಿನಲ್ಲಿ, ಕ್ಯಾಸಿಯೋಪಿಯಾ ನಕ್ಷತ್ರಪುಂಜದಲ್ಲಿ ಹೊಸ ತಾರೆಯೊಂದು ಹೊಳೆದಿತ್ತು. ಅದು ಚಂದ್ರನಿಗಿಂತ ಬಹಳ ದೂರದ್ದು ಎಂದು ಟೈಕೋ ಅಳತೆಯಿಂದ ತೋರಿಸಿದ. ಅರಸ ಎರಡನೇ ಫ್ರೆಡರಿಕ್ ಅವನನ್ನು ದೇಶದಲ್ಲೇ ಉಳಿಸಿಕೊಳ್ಳಲು ಈ ದ್ವೀಪವನ್ನೂ ಹಣವನ್ನೂ ಕೊಟ್ಟ. ಹದಿನೈದು ಮೀಟರ್ ಬದಿಯ ಆ ಮನೆಯ ನೆಲಮಾಳಿಗೆಯಲ್ಲಿ ರಸವಿದ್ಯೆಯ ಒಲೆಗಳು, ಮೇಲೆ ಉಪಕರಣಗಳ ಕೈಸಾಲೆಗಳು, ಒಳಗೇ ನೀರು ಮೇಲೆತ್ತುವ ಬಾವಿ ಇದ್ದವು. ಇವೆಲ್ಲ ಪುಸ್ತಕಗಳಲ್ಲಿ ಸಿಗುವ ವಿವರ. ದ್ವೀಪಕ್ಕೆ ಬಂದವರು ಹೆಚ್ಚು ಹೊತ್ತು ಕೊಡಬೇಕಾದದ್ದು ಲೋಹದ ಕೆಲಸಕ್ಕೆ. ಟೈಕೋನ ಹೆಸರು ಉಳಿದದ್ದು ಅವನ ಸಿದ್ಧಾಂತದಿಂದಲ್ಲ; ಸೂರ್ಯ ಭೂಮಿಯನ್ನು ಸುತ್ತುತ್ತಾನೆ ಎಂಬ ಅವನ ವ್ಯವಸ್ಥೆ ನಿಲ್ಲಲಿಲ್ಲ. ಉಳಿದದ್ದು ಅಳತೆ. ಆ ಅಳತೆ ಹುಟ್ಟಿದ್ದು ಅಕ್ಕಸಾಲಿಗ, ಕಮ್ಮಾರ, ಬಡಗಿಗಳ ಕೈಯಲ್ಲಿ.

ಆಗಿನ ದಿನಗಳಲ್ಲಿ ಗ್ರಹವೊಂದರ ಜಾಗ ಹೇಳುವಾಗ ಹತ್ತು ಕಲೆ ತಪ್ಪುವುದು ಸಾಮಾನ್ಯ. ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಕಲೆ. ಟೈಕೋ ಹಟ ತೊಟ್ಟದ್ದು ಒಂದು ಕಲೆಗೆ, ಸಾಧ್ಯವಾದರೆ ಅದಕ್ಕೂ ಕಡಿಮೆಗೆ. ದೂರದರ್ಶಕ ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ದಾರಿ ಇದ್ದದ್ದು ಒಂದೇ, ಉಪಕರಣವನ್ನು ದೊಡ್ಡದು ಮಾಡುವುದು. ಕ್ವಾಡ್ರಂಟ್ ಎಂದರೆ ಕಾಲು ವೃತ್ತದ ಆಕಾರದ, ಕೋನ ಅಳೆಯುವ ಉಪಕರಣ. ಅವನ ಚಿಕ್ಕ ಹಿತ್ತಾಳೆ ಕ್ವಾಡ್ರಂಟಿನ ತ್ರಿಜ್ಯ 39 ಸೆಂಟಿಮೀಟರ್. ಅದರ ಅಂಚಿನಲ್ಲಿ ಒಂದು ಕಲೆಗೆ ಸಿಗುವ ಜಾಗ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. 1582ರಲ್ಲಿ ಯುರಾನಿಬೋರ್ಗಿನ ಗೋಡೆಗೆ ಬಿಗಿದ ಹಿತ್ತಾಳೆಯ ಕ್ವಾಡ್ರಂಟಿನ ತ್ರಿಜ್ಯ ಸುಮಾರು 194 ಸೆಂಟಿಮೀಟರ್. ಅದರಲ್ಲಿ ಒಂದು ಕಲೆ ಎಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ.

ಹಾಗಾದರೆ ಇನ್ನೂ ದೊಡ್ಡದು ಮಾಡಬಹುದಲ್ಲ? ಮಾಡಿ ನೋಡಿದ್ದ. ಯೌವನದಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಐದು ಮೀಟರಿಗೂ ಹೆಚ್ಚು ತ್ರಿಜ್ಯದ ಓಕ್ ಮರದ ಕ್ವಾಡ್ರಂಟ್ ಕಟ್ಟಿಸಿದ್ದ. ಅದನ್ನು ನಿಲ್ಲಿಸಲು ನಲವತ್ತು ಆಳು ಬೇಕಾದರು. ಬಯಲಲ್ಲಿ ನಿಂತ ಮರ ಬಿಸಿಲು ಮಳೆಗೆ ಹಿಗ್ಗಿ ಕುಗ್ಗುತ್ತದೆ. ಅಷ್ಟು ಭಾರದ್ದನ್ನು ತಿರುಗಿಸುವುದೂ ನಿಧಾನ. 1574ರಲ್ಲಿ ಬಿರುಗಾಳಿಗೆ ಅದು ಉರುಳಿತು. ಎರಡು ಮೀಟರ್ ಆಸುಪಾಸಿನ ಲೋಹದ ಉಪಕರಣ, ಅಲುಗಾಡದ ನೆಲೆ, ಅದರ ಮೇಲೆ ನುಣ್ಣನೆಯ ಗೆರೆಗಳು ಎಂಬ ತೀರ್ಮಾನಕ್ಕೆ ಅವನು ಬಂದದ್ದು ಇಂಥ ಪಾಠಗಳಿಂದ.

ಅರ್ಧ ಮಿಲಿಮೀಟರನ್ನು ಮತ್ತೆ ಆರು ಪಾಲು ಮಾಡಿ ಹತ್ತತ್ತು ವಿಕಲೆ ಓದಬೇಕು; ಕಲೆಯ ಅರವತ್ತನೇ ಒಂದು ಪಾಲು ಒಂದು ವಿಕಲೆ. ನೇರ ಗೆರೆ ಕೊರೆದರೆ ಅವು ಒಂದಕ್ಕೊಂದು ಅಂಟಿಕೊಂಡು ಮಸಿಯಂತೆ ಕಾಣುತ್ತವೆ. ಇದಕ್ಕೆ ಬಳಸಿದ ಉಪಾಯ ಓರೆ ಚುಕ್ಕಿಗಳ ಸಾಲು. ಅಂಚಿನ ಉದ್ದಕ್ಕೂ ಸ್ವಲ್ಪ ಅಂತರದಲ್ಲಿ ಎರಡು ಸಮಕೇಂದ್ರ ಕಂಸಗಳನ್ನು ಎಳೆಯುವುದು. ಒಳಗಿನ ಕಂಸದ ಒಂದು ಗುರುತಿನಿಂದ ಹೊರಗಿನ ಕಂಸದ ಮುಂದಿನ ಗುರುತಿಗೆ ಓರೆಯಾಗಿ ಸಮ ಅಂತರದ ಚುಕ್ಕಿಗಳನ್ನು ಉಳಿಯಿಂದ ಹೊಡೆಯುವುದು, ಅಲ್ಲಿಂದ ಮತ್ತೆ ಕೆಳಗೆ. ಅಂಚು ತುಂಬ ಅಂಕುಡೊಂಕಿನ ಸಾಲು ಮೂಡುತ್ತದೆ. ಸೂಚಿಯ ಅಂಚು ಯಾವ ಚುಕ್ಕಿಯನ್ನು ಮುಟ್ಟುತ್ತದೆಯೋ ಅದೇ ಸೂಕ್ಷ್ಮ ಅಳತೆ. ಗೆರೆಗಳ ನಡುವಿನ ಇಕ್ಕಟ್ಟನ್ನು ಕಂಸಗಳ ನಡುವಿನ ಅಗಲಕ್ಕೆ ವರ್ಗಾಯಿಸಿದ ಹಾಗಾಯಿತು. ಲೆಕ್ಕದ ಪ್ರಕಾರ ಈ ಸಾಲು ನೇರವಾಗಿರದೆ ತುಸು ಬಾಗಿರಬೇಕು, ಆದರೆ ಇಷ್ಟು ಚಿಕ್ಕ ಅಂತರದಲ್ಲಿ ಆ ವ್ಯತ್ಯಾಸ ಓದುವ ಕಣ್ಣಿಗೆ ಸಿಗದು. ಈ ಉಪಾಯ ಟೈಕೋಗೂ ಮೊದಲೇ ಗೊತ್ತಿತ್ತು. ಅದನ್ನು ಎಲ್ಲ ದೊಡ್ಡ ಉಪಕರಣಗಳಿಗೂ ಬಿಡದೆ ಹಾಕಿಸಿದ್ದು ಅವನು. ಮ್ಯೂಸಿಯಂನ ಪ್ರತಿಕೃತಿಗಳನ್ನು ನೋಡುವಾಗ ಚೌಕಟ್ಟಿನ ಅಂದಕ್ಕಿಂತ ಈ ಅಂಚಿಗೆ ಕಣ್ಣು ಕೊಡಬೇಕು.

ಓದುವ ತುದಿ ಇಷ್ಟು ನುಣುಪಾದ ಮೇಲೆ ನೋಡುವ ತುದಿ ಒರಟಾಗಿದ್ದರೆ ಏನು ಬಂತು? ಹಳೆಯ ಉಪಕರಣಗಳಲ್ಲಿ ಎರಡು ತಗಡು, ಎರಡಕ್ಕೂ ಒಂದೊಂದು ತೂತು. ತೂತು ಚಿಕ್ಕದಾದರೆ ರಾತ್ರಿ ನಕ್ಷತ್ರವೇ ಕಾಣದು. ದೊಡ್ಡದಾದರೆ ಕಣ್ಣು ಅತ್ತಿತ್ತ ಸರಿದರೂ ನಕ್ಷತ್ರ ತೂತಿನೊಳಗೇ ಇರುತ್ತದೆ, ಅಳತೆ ಕಲೆಗಟ್ಟಲೆ ತಪ್ಪುತ್ತದೆ. ಟೈಕೋ ಕಣ್ಣಿನ ಕಡೆಯ ತಗಡಿನಲ್ಲಿ ತೂತಿನ ಬದಲು ಸಮಾನಾಂತರ ಸೀಳುಗಳನ್ನಿಟ್ಟ. ಎದುರು ತುದಿಯಲ್ಲಿ, ಆ ಸೀಳುಗಳ ನಡುವಿನ ಅಂತರದಷ್ಟೇ ಅಗಲದ ಚೌಕ ತಗಡು ಅಥವಾ ಉರುಳೆ. ಒಂದು ಸೀಳಿನಿಂದ ನೋಡಿದರೆ ನಕ್ಷತ್ರ ಉರುಳೆಯ ಒಂದು ಅಂಚಿಗೆ ತಾಗಿ ಇಣುಕಬೇಕು, ಇನ್ನೊಂದರಿಂದ ನೋಡಿದರೆ ಇನ್ನೊಂದು ಅಂಚಿಗೆ. ಎರಡೂ ಕಡೆ ಒಂದೇ ಪ್ರಮಾಣದ ಬೆಳಕು ಕಂಡಾಗಷ್ಟೇ ಗುರಿ ಸರಿ. ಸೀಳಿನ ಅಗಲವನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದು: ಮಂಕು ತಾರೆಗೆ ಅಗಲ, ಹೊಳೆಯುವ ತಾರೆಗೆ ಕಿರಿದು. ಅವನ ಎಲ್ಲ ಉಪಕರಣಗಳಲ್ಲೂ ನನ್ನ ಮೆಚ್ಚುಗೆ ಮೊದಲು ಹೋಗುವುದು ಈ ಪುಟ್ಟ ಭಾಗಕ್ಕೇ.

ಗೋಡೆಯ ಕ್ವಾಡ್ರಂಟಿಗೆ ಮೂರು ಜನ ಬೇಕಿತ್ತು. ಒಬ್ಬ ನಕ್ಷತ್ರ ಮಧ್ಯಾಹ್ನರೇಖೆ (ನೆತ್ತಿಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹಾಯುವ ಕಾಲ್ಪನಿಕ ಗೆರೆ) ದಾಟುವುದನ್ನು ಸೀಳಿನಲ್ಲಿ ನೋಡಿ ಕೂಗುತ್ತಾನೆ, ಇನ್ನೊಬ್ಬ ಗಡಿಯಾರ ಓದುತ್ತಾನೆ, ಮೂರನೆಯವನು ಬರೆದುಕೊಳ್ಳುತ್ತಾನೆ. ಇದರಲ್ಲಿ ಕೈಕೊಟ್ಟದ್ದು ಗಡಿಯಾರ. ಆಕಾಶ ನಾಲ್ಕು ಸೆಕೆಂಡಿಗೆ ಒಂದು ಕಲೆ ತಿರುಗುತ್ತದೆ. ಆ ಕಾಲದ ಗಡಿಯಾರಗಳಿಗೆ ಲೋಲಕವೇ ಇರಲಿಲ್ಲ. ಅವನ ದೊಡ್ಡ ಗಡಿಯಾರದ ಒಂದು ಚಕ್ರಕ್ಕೆ 1200 ಹಲ್ಲುಗಳಿದ್ದವು, ಆದರೂ ನಾಲ್ಕು ಸೆಕೆಂಡನ್ನು ನಂಬುವ ಹಾಗಿರಲಿಲ್ಲ. ಪಾದರಸ ಸೋರುವ ಘಟಿಯಂತ್ರವನ್ನೂ ಪ್ರಯತ್ನಿಸಿದ, ಅದೂ ಸಾಲಲಿಲ್ಲ. ಕೊನೆಗೆ ಕಾಲದ ಲೆಕ್ಕವನ್ನು ಬದಿಗಿಟ್ಟು ಕೋನದ ಲೆಕ್ಕ ಹಿಡಿದ. ಹಗಲಿನಲ್ಲೇ ಕಾಣುವ ಶುಕ್ರನಿಗೂ ಸೂರ್ಯನಿಗೂ ನಡುವಿನ ಕೋನ ಅಳೆದು, ಸಂಜೆ ಅದೇ ಶುಕ್ರನಿಂದ ನಕ್ಷತ್ರಗಳಿಗೆ ಅಳೆದು, ನಡುವೆ ಶುಕ್ರ ಸರಿದಷ್ಟನ್ನು ಕಳೆದು, ಸೂರ್ಯನ ಜಾಗವನ್ನು ನಕ್ಷತ್ರಗಳಿಗೆ ಕಟ್ಟಿದ. 1580ರ ದಶಕದಲ್ಲಿ ವರ್ಷಗಟ್ಟಲೆ ಈ ಕೆಲಸ ನಡೆಯಿತು.

ದಾರಿಯಾಚೆಗಿರುವ ಸ್ತ್ಯೆರ್ನೆಬೋರ್ಗ್, ಟೈಕೋನ ಎರಡನೇ ವೀಕ್ಷಣಾಲಯ, ಈ ಪ್ರವಾಸದಲ್ಲಿ ಹೆಚ್ಚು ನೋಡಲು ಸಿಗುವ ಜಾಗ. ಯುರಾನಿಬೋರ್ಗಿನ ಕೈಸಾಲೆಗಳು ಎತ್ತರದಲ್ಲಿದ್ದು ಗಾಳಿಗೆ ಅದುರುತ್ತಿದ್ದವು. ಅದಕ್ಕೇ 1584ರ ಸುಮಾರಿಗೆ ನೆಲ ಅಗೆದು, ದುಂಡನೆಯ ಗುಂಡಿಗಳಲ್ಲಿ ದೊಡ್ಡ ಉಪಕರಣಗಳನ್ನು ಇಳಿಸಿದರು. ಮೇಲೆ ತೆರೆಯುವ ಛಾವಣಿ, ನಡುವೆ ಚಳಿ ಕಾಯಿಸಿಕೊಳ್ಳುವ ಕೋಣೆ. 20ನೇ ಶತಮಾನದಲ್ಲಿ ಉತ್ಖನನ ಮಾಡಿದ ಮೇಲೆ ಅದಕ್ಕೆ ಹೊಸ ಛಾವಣಿ ಹಾಕಿದ್ದಾರೆ. ಒಳಗಿಣುಕಿದರೆ ಗುಂಡಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಲಿನ ವರ್ತುಲಗಳು ಕಾಣುತ್ತವೆ. ನಕ್ಷತ್ರ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ತಕ್ಕಂತೆ ನೋಡುವವನು ಮೇಲಿನ ಅಥವಾ ಕೆಳಗಿನ ಮೆಟ್ಟಿಲು ಹಿಡಿಯುತ್ತಿದ್ದ.

ಅಲ್ಲಿನ ದೊಡ್ಡ ಗುಂಡಿಯಲ್ಲಿದ್ದದ್ದು ಮೂರು ಮೀಟರಿಗೆ ತುಸು ಕಡಿಮೆ ವ್ಯಾಸದ ವಿಷುವ ಬಳೆಯಂತ್ರ, ಎಂದರೆ ಲೋಹದ ಬಳೆಗಳಿಂದ ಆಕಾಶದ ಕೋನ ಅಳೆಯುವ ಉಪಕರಣ. ಹಳೆಯ ಬಳೆಯಂತ್ರಗಳಲ್ಲಿ ರಾಶಿಚಕ್ರಕ್ಕೆ ಹೊಂದಿದ ಬಳೆಗಳು ಓರೆ ಅಚ್ಚಿನ ಮೇಲೆ ತಿರುಗುತ್ತಿದ್ದವು. ತಿರುಗಿದಾಗೆಲ್ಲ ಭಾರದ ಕೇಂದ್ರ ಸರಿದು ಬಳೆ ಬಾಗುತ್ತಿತ್ತು, ಬಾಗಿದ ಬಳೆ ಸುಳ್ಳು ಹೇಳುತ್ತಿತ್ತು. ಟೈಕೋ ಆ ಬಳೆಗಳನ್ನೆಲ್ಲ ಕಿತ್ತುಹಾಕಿ, ಧ್ರುವದತ್ತ ಚಾಚಿದ ಒಂದೇ ಅಚ್ಚಿನ ಮೇಲೆ ಒಂದು ಪೂರ್ಣ ಬಳೆ, ಕೆಳಗೆ ಒಂದು ಅರ್ಧ ಬಳೆ ಇಟ್ಟ. ಅಚ್ಚನ್ನು ಟೊಳ್ಳು ಉಕ್ಕಿನಿಂದ ಮಾಡಿಸಿದ, ಭಾರ ಕಡಿಮೆಯಾಗಲಿ ಎಂದು. ಭಾಗ ಕಡಿಮೆಯಾದಷ್ಟೂ ತಪ್ಪು ಕಡಿಮೆ.

ಇಷ್ಟಾದರೂ ಅಂಕಿಗಳು ಒಪ್ಪಲಿಲ್ಲ. ಧ್ರುವನಕ್ಷತ್ರದಿಂದ ತೆಗೆದ ಅಕ್ಷಾಂಶಕ್ಕೂ ಸೂರ್ಯನಿಂದ ತೆಗೆದ ಅಕ್ಷಾಂಶಕ್ಕೂ ಕೆಲವು ಕಲೆ ಅಂತರ ಬಂತು. ವೆನ್ ಇರುವುದು ಸುಮಾರು 55 ಡಿಗ್ರಿ 54 ಕಲೆ ಉತ್ತರದಲ್ಲಿ. ಚಳಿಗಾಲದ ಮೊಟಕು ಹಗಲಲ್ಲಿ ನಡುಮಧ್ಯಾಹ್ನದ ಸೂರ್ಯನೂ ಹತ್ತೂವರೆ ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಅಷ್ಟು ಕೆಳಗೆ ಗಾಳಿಯ ವಕ್ರೀಭವನವೇ, ಎಂದರೆ ಗಾಳಿಯಲ್ಲಿ ಬೆಳಕು ಬಾಗುವುದೇ, ಸೂರ್ಯನನ್ನು ಐದು ಕಲೆಯಷ್ಟು ಎತ್ತಿ ತೋರಿಸುತ್ತದೆ. ಟೈಕೋ ಅದನ್ನು ಹಿಡಿದು ಕೋಷ್ಟಕ ಮಾಡಿದ. ಆದರೆ ಸೂರ್ಯನ ಲಂಬನ (ಭೂಮಿಯ ಕೇಂದ್ರದ ಬದಲು ಮೇಲ್ಮೈಯಿಂದ ನೋಡುವುದರಿಂದ ಜಾಗ ಸರಿದಂತೆ ಕಾಣುವ ಕೋನ) ಮೂರು ಕಲೆ ಎಂಬ ಪ್ರಾಚೀನರ ಅಂಕಿಯನ್ನು ಪರೀಕ್ಷಿಸದೆ ಉಳಿಸಿಕೊಂಡ. ನಿಜವಾದ ಬೆಲೆ ಒಂಬತ್ತು ವಿಕಲೆಗೂ ಕಡಿಮೆ. ಆ ಒಂದು ಅಂಕಿ ಅವನ ವಕ್ರೀಭವನದ ಕೋಷ್ಟಕವನ್ನೂ ಕೆಡಿಸಿತು.

ಮ್ಯೂಸಿಯಂನಲ್ಲಿ ಕಾಣದ ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಒಂದೂವರೆ ಮೀಟರ್ ಆಸುಪಾಸಿನ ವ್ಯಾಸದ ಮರದ ಗೋಳ ಔಗ್ಸ್‌ಬರ್ಗ್‌ನಲ್ಲಿ ತಯಾರಾಗಿ ಡೆನ್ಮಾರ್ಕಿಗೆ ಬರುವಷ್ಟರಲ್ಲಿ ಬಿರುಕು ಬಿಟ್ಟಿತ್ತು, ದುಂಡೂ ಸರಿಯಿರಲಿಲ್ಲ. ಬಿರುಕು ಮುಚ್ಚಿ, ತಗ್ಗುಗಳಿಗೆ ಚರ್ಮಪತ್ರ ಅಂಟಿಸಿ ದುಂಡಗೆ ಮಾಡಿದರು. ಆಮೇಲೆ ಸುಮ್ಮನೆ ಬಿಟ್ಟರು, ಎರಡು ವರ್ಷ, ಬೇಸಿಗೆ ಚಳಿಗಾಲ ಕಳೆದರೂ ಆಕಾರ ಉಳಿಯುತ್ತದೆಯೇ ಎಂದು ನೋಡಲು. ಉಳಿದ ಮೇಲೆಯೇ ಹಿತ್ತಾಳೆ ತಗಡು ಹೊದಿಸಿದ್ದು. ನಕ್ಷತ್ರಗಳನ್ನು ಅಳೆದಂತೆಲ್ಲ ಅದರ ಮೇಲೆ ಕೊರೆಯುತ್ತ ಹೋಗಿ 1595ರ ಹೊತ್ತಿಗೆ ಸಾವಿರ ತಾರೆಗಳಾದವು.

ಇಷ್ಟೆಲ್ಲ ಕೆಲಸದ ಹೊರೆ ಬಿದ್ದದ್ದು ದ್ವೀಪದ ಟೂನಾ ಹಳ್ಳಿಯ ನಲವತ್ತರಷ್ಟು ರೈತ ಮನೆಗಳ ಮೇಲೆ. 1581ರ ಅರಸನ ಆಜ್ಞೆಯಂತೆ ಪ್ರತಿ ಮನೆಯೂ ವಾರಕ್ಕೆ ಎರಡು ದಿನ, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ, ಬಿಟ್ಟಿ ದುಡಿಯಬೇಕಿತ್ತು. ಉತ್ತರದ ಬೇಸಿಗೆಯಲ್ಲಿ ಆ ಹೊತ್ತು ಹದಿನೇಳು ಗಂಟೆ. ದ್ವೀಪಕ್ಕೆ ನದಿಯಿಲ್ಲ, ಆದರೂ ಅಚ್ಚುಕೂಟಕ್ಕೆ ಕಾಗದ ಸಾಲದೆಂದು ಕಾಗದದ ಗಿರಣಿ ಬೇಕೆಂದ ಟೈಕೋ. ಮಳೆನೀರು ಹಿಡಿಯಲು ಒಂದರ ಕೆಳಗೊಂದು ಕೆರೆ ತೋಡಿ, ಒಡ್ಡು ಕಟ್ಟಿ, 1592ರಲ್ಲಿ ಗಿರಣಿ ಓಡಿಸಿದರು. ಅದೇ ನೀರಿನ ಚಕ್ರದಿಂದ ಕಾಳು ಬೀಸುವುದೂ ತೊಗಲು ಹದ ಮಾಡುವುದೂ ನಡೆಯುತ್ತಿತ್ತು. ಆ ಕೆರೆಗಳ ಮಣ್ಣು ಹೊತ್ತವರಲ್ಲಿ ಯಾರ ಹೆಸರೂ ಉಪಕರಣಗಳ ಮೇಲಿಲ್ಲ. ಹೊಲಗಳ ನಡುವೆ ಸೈಕಲ್ ತುಳಿಯುವಾಗ ಇದನ್ನೂ ನೆನೆಯಬೇಕು.

ಕೋಪನ್‌ಹೇಗನ್‌ಗೆ ಮರಳಿದವರು ನೇರ ದುಂಡು ಗೋಪುರಕ್ಕೆ ಹೋದರೆ ಕತೆ ಮುಂದುವರಿಯುತ್ತದೆ. ನಾಲ್ಕನೇ ಕ್ರಿಶ್ಚಿಯನ್ 1637ರಿಂದ 1642ರ ನಡುವೆ ಕಟ್ಟಿಸಿದ ಇದರ ಎತ್ತರ 34.8 ಮೀಟರ್. ಟೈಕೋ ದ್ವೀಪ ಬಿಡಲು ಕಾರಣನಾದ ಅರಸನೂ ಇವನೇ. ವೆನ್‌ನಲ್ಲಿ ಎಂಟು ವರ್ಷ ಸಹಾಯಕನಾಗಿದ್ದ ರೈತನ ಮಗ ಲಾಂಗೊಮೊಂಟಾನಸ್ ಇಲ್ಲಿನ ವೀಕ್ಷಣಾಲಯದ ಮೊದಲ ಮುಖ್ಯಸ್ಥನಾದ. ಒಳಗೆ ಮೆಟ್ಟಿಲಿಲ್ಲ, ತುತ್ತತುದಿಯ ಹತ್ತಿರ ಮಾತ್ರ ಕೆಲವು. ಉಳಿದದ್ದೆಲ್ಲ ನಡುಗಂಬವನ್ನು ಏಳೂವರೆ ಸುತ್ತು ಸುತ್ತುವ, 209 ಮೀಟರ್ ಉದ್ದದ ಇಟ್ಟಿಗೆ ಇಳಿಜಾರು. ಪುಸ್ತಕಗಳನ್ನೂ ಭಾರದ ಉಪಕರಣಗಳನ್ನೂ ಮೇಲೆ ಸಾಗಿಸಲು ಇದೇ ಅನುಕೂಲ. ವಿಶ್ವವಿದ್ಯಾಲಯದ ಗ್ರಂಥಾಲಯ ಪಕ್ಕದ ಚರ್ಚಿನ ಮೇಲಂತಸ್ತಿನಲ್ಲಿತ್ತು. ಹೊರ ಅಂಚು ಹಿಡಿದು ನಡೆದರೆ ಏರು ಕಡಿಮೆ, ದಾರಿ ಉದ್ದ. ಒಳ ಅಂಚಿನಲ್ಲಿ ಇದರ ತಿರುವುಮುರುವು. ಮಳೆಯ ದಿನ ಇಟ್ಟಿಗೆ ಜಾರುತ್ತದೆ, ಇಳಿಯುವಾಗ ಗೋಡೆಯ ಕಡೆ ಇರುವುದು ಒಳ್ಳೆಯದು.

ವೀಕ್ಷಣೆಗೆ ಈ ಗೋಪುರ ಅಷ್ಟೇನೂ ಒಳ್ಳೆಯ ಜಾಗವಲ್ಲ. ವೆನ್ ಕಲಿಸಿದ ಪಾಠಕ್ಕೆ ಇದು ವಿರುದ್ಧ: ಎತ್ತರ, ಗಾಳಿ, ಸುತ್ತ ನಗರದ ಹೊಗೆ. 1676ರಲ್ಲಿ ಬೆಳಕಿಗೂ ವೇಗವಿದೆ ಎಂದು ತೋರಿಸಿದ ಓಲೆ ರೋಮರ್ ಇಲ್ಲಿ ದುಡಿದು, ಕಡೆಗೆ 1704ರಲ್ಲಿ ನಗರದ ಹೊರಗೆ ಹಳ್ಳಿಯೊಂದರಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿದ. ಮಧ್ಯಾಹ್ನರೇಖೆಯಲ್ಲಷ್ಟೇ ತಿರುಗುವ ದೂರದರ್ಶಕ, ಅದಕ್ಕೆ ಪೂರ್ಣ ವೃತ್ತದ ಅಳತೆಪಟ್ಟಿ. ಟೈಕೋನ ಗೋಡೆಯ ಕ್ವಾಡ್ರಂಟ್ ಗೋಡೆಯಿಂದ ಬಿಡಿಸಿಕೊಂಡು, ಕಾಲ ಸರಿಯಾಗಿ ಹೇಳುವ ಲೋಲಕದ ಗಡಿಯಾರವನ್ನು ಜೊತೆಗೆ ಪಡೆದದ್ದು ಇಲ್ಲಿ. ಆ ಹಳ್ಳಿಯ ಹತ್ತಿರ, ಟೋಸ್ಟ್ರುಪ್ ಕಡೆ, ಕ್ರೊಪ್ಪೆಡಾಲ್ ಮ್ಯೂಸಿಯಂ ಇದೆ. ಗೋಪುರ ನೋಡಿದ ಮರುದಿನವನ್ನು ಅದಕ್ಕೆ ಇಟ್ಟುಕೊಳ್ಳಬೇಕು.

1728ರ ಅಕ್ಟೋಬರಿನಲ್ಲಿ ಕೋಪನ್‌ಹೇಗನ್‌ಗೆ ಬೆಂಕಿ ಬಿದ್ದಾಗ ಗೋಪುರದ ಗೋಡೆ ನಿಂತಿತು, ಒಳಗಿದ್ದದ್ದು ಉಳಿಯಲಿಲ್ಲ. ಯುದ್ಧದಲ್ಲಿ ಕೈಬದಲಾಗಿ ಮಧ್ಯ ಯುರೋಪಿನ ಸೈಲೀಶಿಯಾದಿಂದ ಮರಳಿ ಬಂದಿದ್ದ ಟೈಕೋನ ಹಿತ್ತಾಳೆ ಗೋಳ ಸುಟ್ಟಿತು. ರೋಮರ್‌ನ ವೀಕ್ಷಣೆಗಳ ಕಾಗದಗಳೂ ಹೆಚ್ಚುಕಡಿಮೆ ಎಲ್ಲ ಹೋದವು, 1706ರ ಅಕ್ಟೋಬರ್ 20ರಿಂದ 23ರವರೆಗಿನ ಮೂರು ರಾತ್ರಿಗಳ ದಾಖಲೆ ಬಿಟ್ಟು. ಅರ್ಧ ಶತಮಾನದ ಬಳಿಕ ಜರ್ಮನಿಯ ಟೋಬಿಯಾಸ್ ಮೇಯರ್ ಅದೇ ನಕ್ಷತ್ರಗಳನ್ನು ಮತ್ತೆ ಅಳೆದು, ಈ ಮೂರು ರಾತ್ರಿಗಳ ಅಂಕಿಗಳ ಪಕ್ಕದಲ್ಲಿಟ್ಟು, ಅವುಗಳಲ್ಲಿ ಕೆಲವು ತಾವಾಗಿಯೇ ಜಾಗ ಬದಲಿಸಿವೆ ಎಂದು ಲೆಕ್ಕ ಹಾಕಿದ.