ಬಂಡಿಯ ಜಾಡಿನಲ್ಲಿ ಸಿಕ್ಕ ಮುತ್ತಜ್ಜಿ

ಅಳಿಯನ ಪೂರ್ವಜರು ಅಮೆರಿಕದ ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಿಂದ ಬಂಡಿಗಳ ಸಾಲಿನಲ್ಲಿ ಹೊರಟು, ಸುಮಾರು 3,200 ಕಿಲೋಮೀಟರ್ ಕ್ರಮಿಸಿ ಆರೆಗಾನ್ ಸೇರಿದವರೆಂಬುದು ಆ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಅದಕ್ಕೆ ಆಧಾರ ಹುಡುಕುತ್ತಿದ್ದ ನಮಗೆ ನೆರವಾದದ್ದು, ಆರೆಗಾನಿನಲ್ಲಿ ನೆಲೆಸಲು ಬಂದವರಿಗೆ ಜಮೀನು ಕೊಡುತ್ತಿದ್ದ 1850ರ ಡೊನೇಷನ್ ಲ್ಯಾಂಡ್ ಕ್ಲೇಮ್ ಕಾಯ್ದೆಯ ಕಡತಗಳು. ಮೊದಲು ಬಂದು ನೆಲೆಸಿದ ದಂಪತಿಗೆ 640 ಎಕರೆ ಸಿಗುತ್ತಿದ್ದು, ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ ಸೇರುತ್ತಿದ್ದರಿಂದ, ಮದುವೆಯಾದ ದಿನ ಮತ್ತು ಊರನ್ನೂ ಅರ್ಜಿಯಲ್ಲಿ ಬರೆಸುತ್ತಿದ್ದರು. ವಂಶಾವಳಿ ಹುಡುಕುವವರಿಗೆ ಇದು ದೊಡ್ಡ ನಿಧಿ. ಆ ನೆಲ ಮೂಲನಿವಾಸಿಗಳದ್ದಾಗಿತ್ತು ಎಂಬುದನ್ನು ಮಾತ್ರ ನಾನು ಮರೆಯಲಾರೆ.

ನಮಗೆ ಸಿಕ್ಕ ಅರ್ಜಿಯಲ್ಲಿ ಅಳಿಯನ ಮುತ್ತಜ್ಜಿ ಸಹಿ ಮಾಡಬೇಕಿದ್ದ ಜಾಗದಲ್ಲಿ ಒಂದು ಕತ್ತರಿ ಗುರುತಿತ್ತು. ಎರಡನೆಯ ಗೆರೆಯ ತುದಿಯಲ್ಲಿ ಮಸಿ ಹರಡಿತ್ತು. ಮಗಳು ಪರದೆಯ ಮೇಲೆ ಅಲ್ಲಿಯೇ ಬೆರಳಿಟ್ಟು, ಬಹಳ ಹೊತ್ತು ಮಾತಿಲ್ಲದೆ ಕುಳಿತಳು.