ತಿಂಗಳ ಕೊನೆಯ ದಿನ ಎಲ್ಲಿ ಹೋಯಿತು?

ತಿಂಗಳ ರಿಪೋರ್ಟಿನ ಮೊತ್ತಕ್ಕೂ ದಿನದ ರಿಪೋರ್ಟುಗಳನ್ನು ಕೂಡಿದ ಮೊತ್ತಕ್ಕೂ ತಾಳೆಯಾಗುತ್ತಿಲ್ಲ ಎಂಬ ದೂರು ಬಂದಿತ್ತು. ಯಾವ ತಿಂಗಳು ತೆಗೆದರೂ ತಿಂಗಳ ರಿಪೋರ್ಟಿನಲ್ಲೇ ಕಡಿಮೆ. ಒಂದೊಂದೇ ದಿನ ಹೋಲಿಸಿ ನೋಡಿದೆ. ಬಿಟ್ಟುಹೋದ ದಾಖಲೆಗಳೆಲ್ಲ ತಿಂಗಳ ಕೊನೆಯ ದಿನದವು.

ಡೇಟಾಬೇಸಿನಿಂದ ದಾಖಲೆಗಳನ್ನು ಆರಿಸಿ ತರುವ ಕ್ವೆರಿ ಹಳೆಯದು. 'ಇಲ್ಲಿಂದ ಅಲ್ಲಿಯವರೆಗೆ' ಎಂದು ಹೇಳುವ ಬಿಟ್ವೀನ್ ಪದ ಬಳಸಿ ಜನವರಿ 1ರಿಂದ 31ರವರೆಗೆ ಎಂದು ಬರೆದಿತ್ತು. ಓದುವಾಗ ಸರಿಯಾಗೇ ಇದೆ, ಅಲ್ವಾ? ಬಿಟ್ವೀನ್ ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ ಕೂಡ. ಆದರೆ ಆ ಕಾಲಂನಲ್ಲಿ ದಿನಾಂಕದ ಜೊತೆ ಸಮಯವೂ ಇತ್ತು. ಬರೀ 31 ಎಂದು ಕೊಟ್ಟರೆ ಡೇಟಾಬೇಸ್ ಅದನ್ನು 31ರ 00:00:00 ಎಂದೇ ತಿಳಿಯುತ್ತದೆ. ಆ ದಿನದ ಮೊದಲ ಕ್ಷಣ ಒಳಗೆ, ಉಳಿದ ದಿನವೆಲ್ಲ ಹೊರಗೆ.

'ಕೊನೆಗೆ 23:59:59 ಸೇರಿಸಿಬಿಡೋಣ' ಎಂದರು ಜೊತೆಗಿದ್ದವರು. ನನಗೆ ಮನಸ್ಸು ಒಪ್ಪಲಿಲ್ಲ. 23:59:59.400ಕ್ಕೆ ಬಂದ ದಾಖಲೆ ಆಗಲೂ ತಪ್ಪಿಹೋಗುತ್ತದೆ. ಹಾಗಾದರೆ .999 ಹಾಕಿದರೆ? ನಮ್ಮ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್, ಕಾಲಂ ಅದರ ಹಳೆಯ ಡೇಟ್‌ಟೈಮ್ ಬಗೆಯದು. ಅದರಲ್ಲಿ ಮಿಲಿಸೆಕೆಂಡಿನ ಕೊನೆಯ ಅಂಕಿ 0, 3 ಅಥವಾ 7 ಮಾತ್ರ ಇರಲು ಸಾಧ್ಯ. ಹಾಗಾಗಿ .999 ಎಂಬುದು ತನಗೆ ಹತ್ತಿರದ ಬೆಲೆಗೆ ಸರಿದು ಮರುದಿನದ 00:00:00 ಆಗಿಬಿಡುತ್ತದೆ. ಸರಿಯಾಗಿ ಆ ಹೊತ್ತಿನ ದಾಖಲೆ ಇದ್ದರೆ ಎರಡು ತಿಂಗಳಲ್ಲೂ ಲೆಕ್ಕಕ್ಕೆ ಬರುತ್ತದೆ. .997 ಹಾಕಿದರೆ ಇವತ್ತಿಗೆ ಸರಿಹೋಗುತ್ತದೆ. ನಾಳೆ ಕಾಲಂ ಅನ್ನು ಇನ್ನೂ ಸೂಕ್ಷ್ಮವಾಗಿ ಸಮಯ ಹಿಡಿಯುವ ಡೇಟ್‌ಟೈಮ್2ಗೆ ಬದಲಿಸಿದರೆ ಮತ್ತೆ ಅದೇ ಕಥೆ.

ದಿನದ ಕೊನೆಯ ಕ್ಷಣವನ್ನು ಹುಡುಕುವುದೇ ಬೇಡ ಎಂದೆ. ಜನವರಿ 1 ಅಥವಾ ಅದರ ನಂತರ, ಫೆಬ್ರವರಿ 1ಕ್ಕಿಂತ ಮೊದಲು. ಇಷ್ಟೇ ಷರತ್ತು. ಶುರು ಒಳಗೆ, ಕೊನೆ ಹೊರಗೆ. ಒಂದು ತಿಂಗಳು ಮುಗಿಯುವಲ್ಲೇ ಇನ್ನೊಂದು ಶುರು, ನಡುವೆ ಸಂದಿಯೂ ಇಲ್ಲ, ಎರಡು ಸಲ ಎಣಿಸುವುದೂ ಇಲ್ಲ. ಫೆಬ್ರವರಿಗೆ 28 ದಿನವೋ 29 ದಿನವೋ ಎಂಬ ಯೋಚನೆಯೂ ತಪ್ಪಿತು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಇಂಥ ಸಮಯದ ವ್ಯಾಪ್ತಿಗೆ ಪ್ರತ್ಯೇಕ ಟೈಪುಗಳೇ ಇವೆ, ಅಲ್ಲೂ ತುದಿಗಳ ಬಗ್ಗೆ ಏನೂ ಹೇಳದೆ ಬಿಟ್ಟರೆ ಇದೇ ರೀತಿ. ನನಗಂತೂ ಇದು ತುಂಬಾ ಇಷ್ಟವಾದ ನಿಯಮ.

ಮೊತ್ತ ತಾಳೆಯಾಯಿತು. ಉಳಿದಿದ್ದು ಪರದೆಯ ಕೆಲಸ. ಅಲ್ಲಿ '31ರವರೆಗೆ' ಎಂದು ಆರಿಸುವವರಿಗೆ 31 ಪೂರ್ತಿ ಬೇಕು, ಅದನ್ನು ಬದಲಿಸುವ ಹಾಗಿಲ್ಲ. ಅವರು ಕೊಟ್ಟ ದಿನಾಂಕಕ್ಕೆ ನಾವೇ ಒಳಗಡೆ ಒಂದು ದಿನ ಕೂಡಿಸಿದೆವು. 24 ಗಂಟೆ ಅಲ್ಲ, ಕ್ಯಾಲೆಂಡರಿನ ಒಂದು ದಿನ. ಗಡಿಯಾರವನ್ನು ಬೇಸಿಗೆಗೆ ಮುಂದೆ, ಚಳಿಗಾಲಕ್ಕೆ ಹಿಂದೆ ಮಾಡುವ ದೇಶಗಳಲ್ಲಿ ವರ್ಷಕ್ಕೊಂದು ದಿನ 23 ಗಂಟೆಯದು, ಇನ್ನೊಂದು 25 ಗಂಟೆಯದು.